ಬಾಳೆ ಹಾಕದ ಬಾಳೆಯ ಘಮ

ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಆನೆಗೊಂದಿಯಲ್ಲಿ ಗೆಳೆಯನ ಬಾಳೆ ತೋಟದಲ್ಲಿ ಕೂತಿದ್ದೆವು. ಮ್ಯೂನಿಕ್‌ನಲ್ಲಿ ಕೆಲಸಕ್ಕಿರುವ ಅವನ ಅಣ್ಣನ ಮಗ ರಜೆಗೆ ಬಂದಿದ್ದ. ಬರುವಾಗ ಎರಡು ಬಾಟಲಿ ಗೋಧಿ ಬಿಯರ್ ತಂದಿದ್ದ, ನಶೆಯಿಲ್ಲದ್ದು. ಕಾಲುವೆ ನೀರಿನಲ್ಲಿ ಇಳಿಬಿಟ್ಟು ತಂಪು ಮಾಡಿ ಸ್ಟೀಲ್ ಲೋಟಕ್ಕೆ ಸುರಿದ. ಬೆಲ್ಲದ ನೀರಿನ ಬಣ್ಣ, ತಿಳಿಯಾಗದ ಮಬ್ಬು, ಮೇಲೆ ಎರಡು ಬೆರಳು ದಪ್ಪ ನೊರೆ. ಗೆಳೆಯ ಲೋಟವನ್ನು ಮೂಗಿನ ಹತ್ತಿರ ಹಿಡಿದವನೇ ತಲೆ ಎತ್ತಿ ಕೇಳಿದ: "ಲೇ ತಮ್ಮಾ, ಇದರಾಗ ಬಾಳೆಹಣ್ಣು ಹಿಚುಕ್ಯಾರೇನು?"

"ಇಲ್ಲ ಕಾಕಾ. ಗೋಧಿ, ಬಾರ್ಲಿ, ಹಾಪ್ಸ್, ಯೀಸ್ಟ್, ನೀರು. ಅಷ್ಟ."

ಬಾಳೆಯ ನಡುವೆಯೇ ಬೆಳೆದವನ ಮೂಗು ತಪ್ಪಿರಲಿಲ್ಲ. ಹಣ್ಣಾದ ಬಾಳೆಗೆ ಆ ಘಮ ಕೊಡುವುದರಲ್ಲಿ ಮುಖ್ಯವಾದದ್ದು ಐಸೊಅಮೈಲ್ ಅಸಿಟೇಟ್ ಎಂಬ ಪದಾರ್ಥ. ಗೋಧಿ ಬಿಯರಿನ ಯೀಸ್ಟ್ ಹುದುಗುವಾಗ ಅದನ್ನೇ ಹುಟ್ಟಿಸುತ್ತದೆ. ಜೊತೆಗೆ, ಧಾನ್ಯದಲ್ಲಿರುವ ಫೆರುಲಿಕ್ ಆಮ್ಲವನ್ನು ಲವಂಗದ ವಾಸನೆಯ ಇನ್ನೊಂದು ಪದಾರ್ಥವಾಗಿ ಮಾರ್ಪಡಿಸುತ್ತದೆ. ಬಾಳೆ ಬಿದ್ದಿಲ್ಲ, ಲವಂಗವೂ ಬಿದ್ದಿಲ್ಲ. ಎರಡರ ಘಮವೂ ಲೋಟದಲ್ಲಿದೆ.

ಈ ಪಾನೀಯ ಇಲ್ಲಿಯವರೆಗೆ ಉಳಿದು ಬಂದದ್ದೇ ದೊಡ್ಡದು. 1516ರಲ್ಲಿ, ಮ್ಯೂನಿಕ್ ಇರುವ ಬವೇರಿಯಾ ಪ್ರಾಂತದ ಡ್ಯೂಕ್, ಬಿಯರಿಗೆ ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು, ನೀರು ಬಿಟ್ಟು ಬೇರೇನೂ ಹಾಕಕೂಡದೆಂದು ಕಟ್ಟಳೆ ಹೊರಡಿಸಿದ. ಗೋಧಿ ಬ್ರೆಡ್ಡಿಗೆ ಉಳಿಯಲಿ ಎಂಬುದು ಅದರ ಹಿಂದಿನ ಒಂದು ಕಾರಣ. ಆಗ ಇಲ್ಲಿ ಕೃಷ್ಣದೇವರಾಯನ ಆಳ್ವಿಕೆ. ಅದಾಗಿ ಕೆಲವೇ ವರ್ಷಕ್ಕೆ ಹೊಳೆಯಾಚೆಯ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿ ಗೋಧಿಯೂ ಒಂದಿಷ್ಟು ಬಾರ್ಲಿಯೂ ಸಿಗುತ್ತಿದ್ದವೆಂದು ಬರೆದಿದ್ದಾನೆ. ಮುಸಲ್ಮಾನರನ್ನು ಬಿಟ್ಟರೆ ಗೋಧಿ ತಿನ್ನುವವರಿಲ್ಲ, ಹಾಗಾಗಿ ಅದು ಉಳಿದ ಕಾಳುಗಳಷ್ಟಿಲ್ಲ ಎಂದೂ ಸೇರಿಸಿದ್ದಾನೆ. ಬವೇರಿಯಾದಲ್ಲಿ ಗೋಧಿಗೆ ಅಷ್ಟು ಕಾವಲು, ಇಲ್ಲಿ ಕೇಳುವವರೇ ಕಡಿಮೆ.

ಬವೇರಿಯಾದಲ್ಲಿ ಕಟ್ಟಳೆಗೆ ವಿನಾಯಿತಿಯೂ ಹುಟ್ಟಿತು. ಡೇಗನ್‌ಬರ್ಗ್ ಎಂಬ ಶ್ರೀಮಂತ ಮನೆತನಕ್ಕೆ ಗೋಧಿ ಬಿಯರ್ ಮಾಡುವ ಹಕ್ಕು ಸಿಕ್ಕಿತು. 1602ರಲ್ಲಿ ಆ ವಂಶ ನಿಂತಾಗ ಹಕ್ಕನ್ನು ಡ್ಯೂಕ್ ಒಂದನೇ ಮ್ಯಾಕ್ಸಿಮಿಲಿಯನ್ ತನ್ನ ಬೊಕ್ಕಸಕ್ಕೆ ಸೇರಿಸಿಕೊಂಡ. 1872ರಲ್ಲಿ ಗಿಯೋರ್ಗ್ ಶ್ನೈಡರ್ ಎಂಬ ಬಿಯರ್ ತಯಾರಕ ಅರಮನೆಯಿಂದ ಅದನ್ನು ಪಡೆದುಕೊಂಡ. ಆ ಹೊತ್ತಿಗೆ ಗೋಧಿ ಬಿಯರ್ ಕುಡಿಯುವವರು ವಿರಳವಾಗಿದ್ದರು.

ನಶೆ ತೆಗೆಯುವ ಕಥೆ ಬೇರೆ ಕಡೆ ಶುರುವಾಯಿತು. 1920ರಿಂದ 1933ರವರೆಗೆ ಪಾನನಿಷೇಧವಿದ್ದ ಅಮೆರಿಕದಲ್ಲಿ ಆಲ್ಕೋಹಾಲ್ ಶೇ 0.5ರ ಮಿತಿಯೊಳಗಿನ ಬಿಯರ್ ಮಾತ್ರ ಮಾರಬಹುದಿತ್ತು. 1972ರಲ್ಲಿ ಪೂರ್ವ ಜರ್ಮನಿ ವಾಹನ ಓಡಿಸುವವರಿಗೆಂದೇ ಒಂದು ಬಿಯರ್ ತಂದಿತು. ಇವತ್ತು ಭಾರತದ ಆಹಾರ ಸುರಕ್ಷತಾ ನಿಯಮವೂ ಶೇ 0.5ಕ್ಕಿಂತ ಹೆಚ್ಚಿದ್ದರಷ್ಟೇ ಮದ್ಯ ಎನ್ನುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣಿನಲ್ಲೂ ಆಲ್ಕೋಹಾಲಿನ ಸಣ್ಣ ಅಂಶ ಇರುತ್ತದೆ ಎಂಬುದನ್ನು ನೆನೆದರೆ ಈ ಮಿತಿ ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ನಶೆ ತೆಗೆಯುವುದಕ್ಕೆ ಮುಖ್ಯವಾಗಿ ದಾರಿ ಎರಡು. ಒಂದು, ಹುದುಗು ಪೂರ್ತಿ ಏಳುವ ಮೊದಲೇ ತಣ್ಣಗೆ ಮಾಡಿ ನಿಲ್ಲಿಸುವುದು; ಇದರಲ್ಲಿ ಧಾನ್ಯದ ಸಿಹಿ ಉಳಿದುಬಿಡುತ್ತದೆ. ಇನ್ನೊಂದು, ಬಿಯರ್ ಪೂರ್ತಿ ಆದ ಮೇಲೆ ಗಾಳಿಯ ಒತ್ತಡ ಇಳಿಸಿ, ಉಗುರುಬೆಚ್ಚಗಿನ ಕಾವಿನಲ್ಲೇ ಆಲ್ಕೋಹಾಲನ್ನು ಆವಿಯಾಗಿಸುವುದು; ಇದರಲ್ಲಿ ಘಮವೂ ಒಂದಿಷ್ಟು ಹಾರಿಹೋಗುತ್ತದೆ. ಆಲ್ಕೋಹಾಲ್ ಹೋದರೆ ಬಿಯರ್ ನೀರುನೀರಾಗುತ್ತದೆ, ಮಾತು ನಿಜ. ಆದರೆ ಗೋಧಿ ಇಲ್ಲಿ ಕೈಹಿಡಿಯುತ್ತದೆ. ಅದರ ಪ್ರೋಟೀನು ಮಬ್ಬು ಕೊಡುತ್ತದೆ, ನೊರೆ ನಿಲ್ಲಿಸುತ್ತದೆ, ಬಾಯಲ್ಲಿ ಮಂದವಾಗಿ ತುಂಬಿಕೊಳ್ಳುತ್ತದೆ. ಕಹಿ ಮೊದಲೇ ಕಡಿಮೆ. ಹೀಗಾಗಿ ನಶೆಯಿಲ್ಲದ ಬಿಯರುಗಳಲ್ಲಿ ಗೋಧಿಯದೇ ರುಚಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2009ರ ಮ್ಯೂನಿಕ್ ಮ್ಯಾರಥಾನ್ ಓಟಗಾರರ ಮೇಲೆ ನಡೆದ ಅಧ್ಯಯನವೊಂದು, ಇದನ್ನು ಕುಡಿದವರಲ್ಲಿ ಶೀತ-ಗಂಟಲುನೋವು ಕಡಿಮೆ ಕಂಡಿತೆಂದು ಹೇಳಿತು. ಅದಕ್ಕೆ ಹಣ ಕೊಟ್ಟವರಲ್ಲಿ ಬಿಯರ್ ಕಂಪನಿಯೇ ಇತ್ತು, ಅದನ್ನೂ ತಿಳಿದಿರಬೇಕು. ಸಕ್ಕರೆ ಕಾಯಿಲೆಯವರು ಲೇಬಲ್ಲಿನಲ್ಲಿ ಸಕ್ಕರೆ ಎಷ್ಟಿದೆ ನೋಡಿಯೇ ಕುಡಿಯಬೇಕು.

ತೋಟದಿಂದ ಮನೆಗೆ ಬಂದೆವು. ಗೆಳೆಯನ ಅವ್ವ ನಮಗೆಂದು ಅಂಬಲಿ ಮಾಡಿಟ್ಟಿದ್ದರು. ಹಿಂದಿನ ರಾತ್ರಿ ಜೋಳದ ಹಿಟ್ಟನ್ನು ನೀರಲ್ಲಿ ಕಲಸಿ ಮಣ್ಣಿನ ಗಡಿಗೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದ್ದರು. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಮೇಲೆ ಸಣ್ಣ ಸಣ್ಣ ಗುಳ್ಳೆ, ಹುಳಿ ವಾಸನೆ. ಕುದಿಯುವ ನೀರಿಗೆ ಅದನ್ನು ಸುರಿದು, ಗಂಟಾಗದಂತೆ ತಿರುವಿ, ಆರಿದ ಮೇಲೆ ಮಜ್ಜಿಗೆ ಹೊಯ್ದು, ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ. ಪಕ್ಕದಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ.

"ಹುಳಿ ಬರಲಿಲ್ಲಂದ್ರ ಅದು ಅಂಬಲಿ ಹೆಂಗಾದೀತು? ಗಂಜಿ ಅದು," ಎಂದರು. ಮೊಮ್ಮಗ ಎರಡನೇ ಬಾಟಲಿ ತೆರೆದು ಒಂದು ಗುಟುಕು ಕೊಟ್ಟ. ಅವ್ವ ನಾಲಿಗೆ ಚಪ್ಪರಿಸಿ, "ಅಂಬಲಿ ತಿಳಿ ಇದ್ದಂಗ ಐತಿ. ಉಪ್ಪು ಮರ್ತಾರ" ಎಂದರು. ಬವೇರಿಯಾದ ಐನೂರು ವರ್ಷದ ಕಸುಬನ್ನು ಇಷ್ಟು ಸರಿಯಾಗಿ ಗುರುತಿಸಿದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಕಾಳು, ಹುದುಗು, ಮಬ್ಬು, ಹೊಟ್ಟೆಗೆ ತಂಪು: ನಶೆ ತೆಗೆದ ಮೇಲೆ ಅವರ ಲೋಟದಲ್ಲಿ ಉಳಿಯುವುದೂ ನಮ್ಮ ಗಡಿಗೆಯಲ್ಲಿ ಮೊದಲಿನಿಂದ ಇದ್ದದ್ದೂ ಒಂದೇ ಜಾತಿಯವು.

ನನ್ನದೊಂದು ಆಸೆ ಇದೆ. ಪುರಾತನ ಈಜಿಪ್ಟಿನವರು ಬಿಯರಿಗೆ ಬಾರ್ಲಿಯ ಜೊತೆ ಬಳಸುತ್ತಿದ್ದದ್ದು ಎಮ್ಮರ್ ಗೋಧಿ. ಅದು ಬೇರೆ ಯಾವುದೂ ಅಲ್ಲ, ಉತ್ತರ ಕರ್ನಾಟಕದವರು ಹುಗ್ಗಿಗೆ ಕುಟ್ಟುವ ಜವೆಗೋಧಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರ ಸುಧಾರಿತ ತಳಿಗಳನ್ನೂ ಕೊಟ್ಟಿದೆ. ಬೆಂಗಳೂರಿನ ಬ್ರೂವರಿಗಳವರು ಒಮ್ಮೆ ಜವೆಗೋಧಿಯನ್ನು ಮೊಳಕೆ ಕಟ್ಟಿ, ನಶೆಯಿಲ್ಲದ ಬಿಯರ್ ಮಾಡಿ ನೋಡಬೇಕು. ಅಲ್ಲಿಯವರೆಗೆ, ನೀವು ಬೇಸಿಗೆಯಲ್ಲಿ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಇಳಿದು ಆನೆಗೊಂದಿಗೆ ಬಂದರೆ, ತಂಪು ಪಾನೀಯದ ಬಾಟಲಿಗೆ ಕೈ ಹಾಕುವ ಮೊದಲು ಅಂಬಲಿ ಎಲ್ಲಿ ಸಿಗುತ್ತದೆ ಎಂದು ಕೇಳಿ.