ವಿಕಿರಣ ಚಿಕಿತ್ಸೆಯ ನಂತರ ಸ್ತನದ ಮರುರಚನೆ

ಸ್ತನದ ಕ್ಯಾನ್ಸರ್ ಇಂದು ನಮ್ಮ ದೇಶದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2020ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1 ಲಕ್ಷ 78 ಸಾವಿರ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಗಡ್ಡೆ ಚಿಕ್ಕದಿರುವಾಗಲೇ ಬಂದವರಲ್ಲಿ ಸ್ತನವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯಲು ಸಾಧ್ಯ. ಆದರೆ ನಮ್ಮಲ್ಲಿ ಬಹಳ ಮಂದಿ ಆಸ್ಪತ್ರೆಗೆ ಬರುವುದು ಗಡ್ಡೆ ದೊಡ್ಡದಾದ ಮೇಲೆ, ಕಂಕುಳಿನ ಗ್ರಂಥಿಗಳಿಗೂ ರೋಗ ಹಬ್ಬಿದ ಮೇಲೆ. ಇಂಥವರಲ್ಲಿ ಅನೇಕರಿಗೆ ಸ್ತನವನ್ನು ಪೂರ್ತಿ ತೆಗೆದು, ಆ ಜಾಗಕ್ಕೆ ವಿಕಿರಣವನ್ನೂ ಕೊಡಬೇಕಾಗುತ್ತದೆ.

ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಮಹಿಳೆಯ ಇನ್ನೊಂದು ಕಷ್ಟ ಆಗ ಆರಂಭವಾಗುತ್ತದೆ. ರವಿಕೆಯೊಳಗೆ ಹತ್ತಿ ತುಂಬಿಕೊಂಡು, ಸೆರಗು ಜಾರದಂತೆ ಹೊದ್ದುಕೊಂಡು ಓಡಾಡುವವರಿದ್ದಾರೆ. ಮದುವೆ, ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಹೊಸದಾಗಿ ಸ್ತನ ಮಾಡಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಲು ಸಂಕೋಚ. ಮನೆಯಲ್ಲಿ ಕೇಳಿದರೆ, “ಜೀವ ಉಳಿಯಿತಲ್ಲ, ಈ ವಯಸ್ಸಿಗೆ ಅದೆಲ್ಲ ಯಾಕೆ?” ಎಂಬ ಉತ್ತರ. ಇದರ ಜೊತೆಗೆ, ಕರೆಂಟ್ ಕೊಟ್ಟ ಜಾಗಕ್ಕೆ ಮತ್ತೆ ಕತ್ತರಿ ಹಾಕಲೇಬಾರದು ಎಂಬ ನಂಬಿಕೆ ಬೇರೆ.

ವಿಕಿರಣ ಪಡೆದ ಎದೆಯ ಮೇಲೂ ಸ್ತನವನ್ನು ಮರುರಚಿಸಬಹುದು. ಆದರೆ ವಿಕಿರಣವು ಚರ್ಮದ ಗುಣವನ್ನು ಬದಲಾಯಿಸುವುದರಿಂದ, ಯಾವ ವಿಧಾನ, ಯಾವಾಗ ಎಂಬ ಲೆಕ್ಕಾಚಾರ ಬದಲಾಗುತ್ತದೆ. ಆದ್ದರಿಂದ ಈ ಮಾತನ್ನು ಮೊದಲ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆಡುವುದು ಒಳ್ಳೆಯದು.

ವಿಕಿರಣ ಏನು ಮಾಡುತ್ತದೆ?

ಗಡ್ಡೆ 5 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಕಂಕುಳಿನ ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಲ್ಲಿ ರೋಗವಿದ್ದರೆ ಸಾಮಾನ್ಯವಾಗಿ ಸ್ತನ ತೆಗೆದ ಮೇಲೂ ವಿಕಿರಣ ಬೇಕಾಗುತ್ತದೆ. ಕೆಲವೊಮ್ಮೆ ಇದಕ್ಕಿಂತ ಕಡಿಮೆ ರೋಗವಿರುವವರಿಗೂ ಸಲಹೆ ಮಾಡುತ್ತಾರೆ. ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ನಾಶಮಾಡುವುದು ಇದರ ಉದ್ದೇಶ. ಹಿಂದೆ 5 ವಾರಗಳಲ್ಲಿ 25 ಬಾರಿ ಕೊಡುವುದು ರೂಢಿಯಾಗಿತ್ತು. ಈಗ ಅನೇಕ ಕಡೆ 3 ವಾರಗಳಲ್ಲಿ 15 ಬಾರಿಗೆ ಮುಗಿಯುತ್ತದೆ.

ಆಗ ಚರ್ಮ ಕೆಂಪಾಗುವುದು, ಕಪ್ಪಾಗುವುದು, ಸಿಪ್ಪೆ ಏಳುವುದು ಸಾಮಾನ್ಯ. ಕೆಲವು ವಾರಗಳಲ್ಲಿ ಇದು ವಾಸಿಯಾಗುತ್ತದೆ. ಆದರೆ ಒಳಗಿನ ಬದಲಾವಣೆ ತಿಂಗಳುಗಳು, ವರ್ಷಗಳವರೆಗೂ ನಡೆಯುತ್ತದೆ. ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ. ಮೃದುವಾದ ಅಂಗಾಂಶದ ಜಾಗದಲ್ಲಿ ನಾರಿನಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಚರ್ಮ ಹಳೆಯ ಎಲಾಸ್ಟಿಕ್‌ನಂತೆ ಜಗ್ಗುವ ಗುಣ ಕಳೆದುಕೊಳ್ಳುತ್ತದೆ; ಗಾಯವಾದರೆ ನಿಧಾನವಾಗಿ ಮಾಯುತ್ತದೆ.

ಸಿಲಿಕೋನ್ ಚೀಲದ ತೊಡಕು

ಸಿಲಿಕೋನ್ ಚೀಲವನ್ನು ಮೊದಲ ಬಾರಿ ಮಹಿಳೆಯೊಬ್ಬರಿಗೆ ಅಳವಡಿಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಸ್ತನ ತೆಗೆದವರಲ್ಲಿ ಚೀಲ ಇಡಲು ಮೊದಲು ಜಾಗ ಬೇಕು. ಅದಕ್ಕಾಗಿ ಚರ್ಮದ ಅಥವಾ ಎದೆಯ ಸ್ನಾಯುವಿನ ಕೆಳಗೆ ಹಿಗ್ಗುವ ಚೀಲವೊಂದನ್ನು ಇಟ್ಟು, ಕೆಲವು ವಾರಗಳ ಕಾಲ ಸೂಜಿಯ ಮೂಲಕ ಸ್ವಲ್ಪ ಸ್ವಲ್ಪವೇ ಲವಣದ ನೀರು ತುಂಬುತ್ತಾರೆ. ಚರ್ಮ ಹಿಗ್ಗಿದ ಮೇಲೆ ಅದನ್ನು ತೆಗೆದು ಸಿಲಿಕೋನ್ ಚೀಲ ಇಡುತ್ತಾರೆ.

ವಿಕಿರಣ ಪಡೆದ ಚರ್ಮ ಹೀಗೆ ಸುಲಭವಾಗಿ ಹಿಗ್ಗದು. ದೇಹವು ಯಾವುದೇ ಹೊರಗಿನ ವಸ್ತುವಿನ ಸುತ್ತ ತೆಳುವಾದ ಪೊರೆಯೊಂದನ್ನು ಕಟ್ಟುತ್ತದೆ. ವಿಕಿರಣ ತಗುಲಿದ ಎದೆಯಲ್ಲಿ ಈ ಪೊರೆ ದಪ್ಪವಾಗಿ, ಕುಗ್ಗಿ, ಚೀಲವನ್ನು ಹಿಂಡುವುದು ಹೆಚ್ಚು. ಆಗ ಸ್ತನ ಗಟ್ಟಿಯಾಗುತ್ತದೆ, ಮೇಲಕ್ಕೆ ಎಳೆದಂತಾಗುತ್ತದೆ, ನೋವೂ ಬರಬಹುದು. ಸೋಂಕು ತಗಲುವ, ಹೊಲಿಗೆ ಬಿಟ್ಟುಕೊಳ್ಳುವ, ಕೊನೆಗೆ ಚೀಲವನ್ನೇ ತೆಗೆಯಬೇಕಾಗುವ ಸಂಭವ ಉಳಿದವರಿಗಿಂತ ಜಾಸ್ತಿ. ಇದರ ಫಲಿತಾಂಶ ಚೆನ್ನಾಗಿರುವವರೂ ಇದ್ದಾರೆ. ಆದರೆ ಅಪಾಯವನ್ನು ಮೊದಲೇ ತಿಳಿದಿರಬೇಕು.

ಸ್ವಂತ ದೇಹದ ಅಂಗಾಂಶ

ಸಸಿಯನ್ನು ಬೇರಿನ ಮಣ್ಣಿನ ಸಮೇತ ಕಿತ್ತು ಬೇರೆಡೆ ನೆಟ್ಟರೆ ಬಾಡುವುದಿಲ್ಲ. ಅದೇ ರೀತಿ ದೇಹದ ಬೇರೊಂದು ಭಾಗದಿಂದ ಚರ್ಮ ಮತ್ತು ಕೊಬ್ಬನ್ನು ಅದರದೇ ರಕ್ತನಾಳಗಳ ಸಮೇತ ತಂದು ಎದೆಗೆ ಜೋಡಿಸಬಹುದು. ವಿಕಿರಣ ಕಾಣದ ಈ ಅಂಗಾಂಶಕ್ಕೆ ತನ್ನದೇ ರಕ್ತ ಪೂರೈಕೆ ಇರುತ್ತದೆ. ಆದ್ದರಿಂದ ವಿಕಿರಣದ ನಂತರ ವೈದ್ಯರು ಹೆಚ್ಚಾಗಿ ಸೂಚಿಸುವುದು ಈ ವಿಧಾನವನ್ನೇ.

ಬೆನ್ನಿನ ಅಗಲವಾದ ಸ್ನಾಯುವನ್ನು ಚರ್ಮದೊಡನೆ ಕಂಕುಳಿನ ಕೆಳಗಿನಿಂದ ಮುಂದಕ್ಕೆ ತರುವುದು ಒಂದು ಕ್ರಮ. ಇಟಲಿಯ ಶಸ್ತ್ರವೈದ್ಯ ಟಾನ್ಸಿನಿ 1906ರಲ್ಲೇ ಇದನ್ನು ಪ್ರಕಟಿಸಿದ್ದರು. ಬಹಳ ಕಾಲ ಮರೆತುಹೋಗಿ 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು. ಇದರಿಂದ ಸಿಗುವ ಗಾತ್ರ ಕಡಿಮೆ. ಕೆಲವೊಮ್ಮೆ ಜೊತೆಗೆ ಸಿಲಿಕೋನ್ ಚೀಲವನ್ನೋ ಕೊಬ್ಬನ್ನೋ ಸೇರಿಸಬೇಕಾಗುತ್ತದೆ.

ಹೊಕ್ಕುಳಿನ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ಬಳಸುವುದು ಇನ್ನೊಂದು ಕ್ರಮ. ಅಮೆರಿಕದ ಹಾರ್ಟ್ರಾಂಫ್ 1982ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಹೊಟ್ಟೆಯ ಸ್ನಾಯುವೂ ಹೋಗುತ್ತಿತ್ತು. ಇದರಿಂದ ಕೆಲವರಲ್ಲಿ ಹೊಟ್ಟೆಯ ಗೋಡೆ ದುರ್ಬಲವಾಗಿ ಹರ್ನಿಯಾ ಆಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಬಂದ ‘ಡೀಪ್’ ವಿಧಾನದಲ್ಲಿ ಸ್ನಾಯುವನ್ನು ಅಲ್ಲೇ ಬಿಟ್ಟು, ಅದರ ನಡುವಿನಿಂದ ಬರುವ ಸಣ್ಣ ರಕ್ತನಾಳಗಳನ್ನು ಮಾತ್ರ ಬಿಡಿಸಿಕೊಳ್ಳುತ್ತಾರೆ. ಅವನ್ನು ಸೂಕ್ಷ್ಮದರ್ಶಕದ ಸಹಾಯದಿಂದ ಎದೆಯ ರಕ್ತನಾಳಗಳಿಗೆ ಹೊಲಿಯುತ್ತಾರೆ. ಇದು ಹಲವು ಗಂಟೆಗಳ ಶಸ್ತ್ರಚಿಕಿತ್ಸೆ. ಮೊದಲ ಎರಡು ಮೂರು ದಿನ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ದಾದಿಯರು ಆಗಾಗ ನೋಡುತ್ತಲೇ ಇರಬೇಕು. ರಕ್ತ ಹೆಪ್ಪುಗಟ್ಟಿದರೆ ಕೂಡಲೇ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಗಬಹುದು. ಅಪರೂಪಕ್ಕೆ ಜೋಡಿಸಿದ ಭಾಗ ಪೂರ್ತಿ ಕೆಡುವುದೂ ಉಂಟು. ಸಿಸೇರಿಯನ್‌ನ ಅಡ್ಡ ಗಾಯದ ಗುರುತು ಸಾಮಾನ್ಯವಾಗಿ ಇದಕ್ಕೆ ಅಡ್ಡಿಯಾಗದು. ತೀರಾ ತೆಳ್ಳಗಿರುವವರಲ್ಲಿ ತೊಡೆಯ ಅಂಗಾಂಶ ಬಳಸುತ್ತಾರೆ.

ಯಾವಾಗ ಮಾಡಿಸಬೇಕು?

ಸ್ತನ ತೆಗೆಯುವಾಗಲೇ ಮರುರಚನೆ ಮಾಡುವುದು ಸಾಧ್ಯ. ಆದರೆ ನಂತರ ವಿಕಿರಣ ಖಚಿತವೆಂದಿದ್ದರೆ ಹೊಸ ಸ್ತನವೂ ಅದಕ್ಕೆ ಒಡ್ಡಿಕೊಂಡು ಗಟ್ಟಿಯಾಗಬಹುದು, ಕುಗ್ಗಬಹುದು. ಆದ್ದರಿಂದ ವಿಕಿರಣ ಮುಗಿದು ಕನಿಷ್ಠ 6 ತಿಂಗಳಾದರೂ ಕಾಯುವಂತೆ ಹಲವು ವೈದ್ಯರು ಹೇಳುತ್ತಾರೆ. ವರ್ಷಗಳೇ ಕಳೆದಿದ್ದರೂ ತಡವಾಯಿತೆಂದಲ್ಲ. ಮರುರಚನೆಗಾಗಿ ವಿಕಿರಣವನ್ನು ಮುಂದೂಡುವುದಾಗಲಿ ತಪ್ಪಿಸುವುದಾಗಲಿ ಎಂದಿಗೂ ಸಲ್ಲದು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು, ಕಡ್ಡಿಪುಡಿ ಬಿಡಬೇಕು. ತಂಬಾಕು ರಕ್ತನಾಳಗಳನ್ನು ಇನ್ನಷ್ಟು ಕಿರಿದಾಗಿಸುತ್ತದೆ. ಟ್ಯಾಮೊಕ್ಸಿಫೆನ್ ಮಾತ್ರೆಯನ್ನು ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಕೆಲಕಾಲ ನಿಲ್ಲಿಸಲು ಹೇಳಬಹುದು. ತಾವಾಗಿಯೇ ಅದನ್ನು ನಿಲ್ಲಿಸಬಾರದು.

ಏನನ್ನು ನಿರೀಕ್ಷಿಸಬಹುದು?

ಹೊಸ ಸ್ತನದಲ್ಲಿ ಹಾಲು ಬಾರದು, ಸ್ಪರ್ಶಜ್ಞಾನ ಮೊದಲಿನಂತಿರದು. ಆದರೆ ರವಿಕೆ ಸರಿಯಾಗಿ ಕೂರುತ್ತದೆ, ಎದೆಯ ಎರಡೂ ಬದಿಯ ತೂಕ ಸರಿಹೊಂದುತ್ತದೆ. ಒಂದೇ ಸಲಕ್ಕೆ ಕೆಲಸ ಮುಗಿಯುವುದಿಲ್ಲ. ಆಕಾರ ಸರಿಪಡಿಸಲು, ತೊಟ್ಟು ರೂಪಿಸಲು, ಎರಡೂ ಬದಿ ಸಮನಾಗಿಸಲು ಇನ್ನೊಂದೆರಡು ಸಣ್ಣ ಶಸ್ತ್ರಚಿಕಿತ್ಸೆಗಳು ಬೇಕಾಗಬಹುದು. ತೊಟ್ಟಿನ ಸುತ್ತಲಿನ ಬಣ್ಣವನ್ನು ಹಚ್ಚೆಯಿಂದ ಮೂಡಿಸುತ್ತಾರೆ.

ಮರುರಚನೆಯಿಂದ ಕ್ಯಾನ್ಸರ್ ಮರುಕಳಿಸುತ್ತದೆ ಎಂಬುದು ತಪ್ಪು ತಿಳುವಳಿಕೆ. ಸ್ತನ ತೆಗೆದ ಜಾಗದಲ್ಲಿ ರೋಗ ಮರಳಿದರೆ ಅದು ಹೆಚ್ಚಾಗಿ ಚರ್ಮದಲ್ಲಿ, ಹಳೆಯ ಗಾಯದ ಗೆರೆಯ ಬಳಿ ಕಾಣಿಸುವುದರಿಂದ ಪರೀಕ್ಷಿಸಿ ಪತ್ತೆಮಾಡಬಹುದು. ಹೊಸ ಗಂಟು ಕಂಡರೆ ತಡಮಾಡದೆ ತೋರಿಸಬೇಕು. ಇನ್ನೊಂದು ಸ್ತನದ ತಪಾಸಣೆಯನ್ನೂ ತಪ್ಪಿಸಬಾರದು.

ಬೇಡವೆನ್ನುವ ಹಕ್ಕೂ ಮಹಿಳೆಗಿದೆ. ಇನ್ನೊಂದು ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಅಥವಾ ಹತ್ತಿಯ ಕೃತಕ ಸ್ತನಗಳು ಸಿಗುತ್ತವೆ.

ವೈದ್ಯರಲ್ಲಿ ಕೇಳಿ

* ನನಗೆ ವಿಕಿರಣ ಬೇಕಾಗುವ ಸಂಭವ ಎಷ್ಟು?
* ಸ್ತನ ತೆಗೆಯುವ ಮುನ್ನ ಪ್ಲಾಸ್ಟಿಕ್ ಸರ್ಜನ್ ಅವರನ್ನು ಕಾಣಬಹುದೇ?
* ನನ್ನ ಮೈಕಟ್ಟಿಗೆ ಯಾವ ವಿಧಾನ ಸೂಕ್ತ? ಈ ಆಸ್ಪತ್ರೆಯಲ್ಲಿ ಅದನ್ನು ಎಷ್ಟು ಮಂದಿಗೆ ಮಾಡಿದ್ದೀರಿ?
* ಒಟ್ಟು ಎಷ್ಟು ಬಾರಿ ಆಸ್ಪತ್ರೆಗೆ ಸೇರಬೇಕು, ಖರ್ಚೆಷ್ಟು? ವಿಮೆಯಿದ್ದರೆ ಕಂಪೆನಿಯಿಂದ ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಈ ಪ್ರಶ್ನೆಗಳನ್ನು ಕೇಳಲು ಗಂಡ, ಮಗಳು ಅಥವಾ ಅಕ್ಕತಂಗಿಯರು ಜೊತೆಗೆ ಹೋದರೆ ಅನುಕೂಲ. ಆದರೆ ಬೇಕೋ ಬೇಡವೋ ಎಂಬ ತೀರ್ಮಾನ ಆಕೆಯದೇ ಆಗಿರಲಿ.