ಮೆನಿಂಡೀ ಸರೋವರಮಾಲೆ: ಸಂಗ್ರಹ ಮತ್ತು ವ್ಯಯ

ನೀರನ್ನು ಕೂಡಿಡುವ ಪಾತ್ರೆ ಆಳವಾಗಿದ್ದಷ್ಟೂ ಉತ್ತಮವೆಂಬುದು ಸಾಮಾನ್ಯ ಅನುಭವ. ಆದರೆ ಆಳವಿಲ್ಲದ ಸರೋವರಗಳನ್ನೇ ಜಲಾಶಯಗಳನ್ನಾಗಿ ಮಾಡಿಕೊಂಡ ನಿದರ್ಶನವೊಂದು ಆಸ್ಟ್ರೇಲಿಯಾದಲ್ಲಿದೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮದ ಒಣಪ್ರದೇಶದಲ್ಲಿ, ಡಾರ್ಲಿಂಗ್ ನದಿಯ ಬದಿಯಲ್ಲಿ ಹಬ್ಬಿರುವ ಮೆನಿಂಡೀ ಸರೋವರಗಳೇ ಅವು. ವೆದರೆಲ್, ಪಮಮರೂ, ಮೆನಿಂಡೀ, ಕಾಂಡಿಲಾ ಎಂಬುವು ಇವುಗಳಲ್ಲಿ ಪ್ರಮುಖವಾದವು.

ನಮ್ಮ ನಾಡಿನ ಕೆರೆಗಳ ಸರಣಿಯಲ್ಲಿ ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಯನ್ನು ಸೇರುತ್ತದೆ. ಇಲ್ಲಿಯ ಕ್ರಮ ಬೇರೆ. ಪೂರ್ವದಲ್ಲಿ ನದಿಗೆ ಪ್ರವಾಹ ಬಂದಾಗ ನೀರು ಪಕ್ಕದ ತಗ್ಗುಗಳಿಗೆ ನುಗ್ಗಿ, ಪ್ರವಾಹ ಇಳಿದೊಡನೆ ಬಹುಪಾಲು ನದಿಗೇ ಹಿಂತಿರುಗುತ್ತಿತ್ತು. 1949ರಲ್ಲಿ ಆರಂಭವಾಗಿ 1968ರಲ್ಲಿ ಮುಗಿದ ಕಾಮಗಾರಿಯಿಂದ ಈ ಸಹಜಗತಿಗೆ ಅಂಕುಶ ಬಿದ್ದಿತು. ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡು ನೀರಿನ ಮಟ್ಟವನ್ನು ಏರಿಸುತ್ತದೆ. ತೂಬುಗಳ ಮೂಲಕ ನೀರು ಒಂದು ಸರೋವರದಿಂದ ಮತ್ತೊಂದಕ್ಕೆ ತಾನಾಗಿಯೇ ಹರಿಯುತ್ತದೆ. ಪೂರ್ಣ ಸಂಗ್ರಹ ಸುಮಾರು 61 ಟಿ.ಎಂ.ಸಿ.; ಅಂದರೆ ನಮ್ಮ ಕೃಷ್ಣರಾಜಸಾಗರಕ್ಕಿಂತಲೂ ಅಧಿಕ.

ಆದರೆ ಈ ನೀರು ನಾನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಬಯಲಿನಲ್ಲಿ ತೆಳುವಾಗಿ ಹರಡಿ ನಿಲ್ಲುತ್ತದೆ. ಅಲ್ಲಿಯ ವಾರ್ಷಿಕ ಮಳೆ ಸುಮಾರು 250 ಮಿಲಿಮೀಟರು. ತೆರೆದ ನೀರಿನಿಂದ ಆವಿಯಾಗುವುದು 2 ಮೀಟರಿಗೂ ಹೆಚ್ಚು. ಆದುದರಿಂದ ಬೇಗ ಬಳಸದೆ ಉಳಿಸಿದಷ್ಟೂ ನಷ್ಟವೇ ಎಂದು ಲೆಕ್ಕಿಗರು ವಾದಿಸುವರು. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಯಾವ ತೆಳುತನವು ನೀರನ್ನು ಆವಿಯಾಗಿಸುವುದೋ ಅದೇ ತೆಳುತನವು ಬೆಳಕನ್ನೂ ಬಿಸುಪನ್ನೂ ತಳದವರೆಗೆ ಇಳಿಸಿ, ಮೀನಿನ ಮರಿಗಳಿಗೂ ಜಲಪಕ್ಷಿಗಳಿಗೂ ಆಹಾರವನ್ನು ಒದಗಿಸುತ್ತದೆ. ಇಲ್ಲಿ ಬೆಳೆದ ಮೀನುಗಳು ಕೆಳಗಿನ ಮರ್ರೆ ನದಿಯವರೆಗೂ ಹರಡುತ್ತವೆ. ಒಂದೆಡೆ ವ್ಯಯವೆಂದು ಬರೆದುದು ಇನ್ನೊಂದೆಡೆ ಜೀವವೇ ಆಗಿದೆ.

ಈ ಸಂಗ್ರಹದ ಒಡೆತನವೂ ಸರಳವಲ್ಲ. ನೀರು ಸುಮಾರು 17 ಟಿ.ಎಂ.ಸಿ.ಗಿಂತ ಕೆಳಗಿಳಿದಾಗ ಆಡಳಿತವು ರಾಜ್ಯದ ಕೈಸೇರುತ್ತದೆ. ಮರಳಿ ಸುಮಾರು 22.6 ಟಿ.ಎಂ.ಸಿ.ಯನ್ನು ಮೀರಿದ ಮೇಲೆ ಮರ್ರೆ-ಡಾರ್ಲಿಂಗ್ ಕಣಿವೆಯ ಪ್ರಾಧಿಕಾರಕ್ಕೆ ಹೋಗುತ್ತದೆ. ಈ ನದಿಯನ್ನು ಬಾಕಾ ಎಂದು ಕರೆದು, ಅದರ ಹೆಸರಿನಿಂದಲೇ ತಮ್ಮನ್ನು ಗುರುತಿಸಿಕೊಳ್ಳುವ ಬಾರ್ಕಂಜಿ ಜನರ ಪರಂಪರಾಗತ ಭೂಹಕ್ಕು 2015ರಲ್ಲಿ ನ್ಯಾಯಾಲಯದಲ್ಲಿ ಮಾನ್ಯವಾಯಿತು; ಹರಿವನ್ನು ನಿರ್ಧರಿಸುವ ಅಧಿಕಾರ ಮಾತ್ರ ಅದರಿಂದ ಲಭಿಸಲಿಲ್ಲ.

ಇದರ ಪರಿಣಾಮ ಬಹುಬೇಗ ಗೋಚರಿಸಿತು. 2016-17ರಲ್ಲಿ ಸರೋವರಗಳಿಂದ ಅಪಾರ ನೀರನ್ನು ಬಿಡಲಾಯಿತು. ಅನಂತರ ಬರಗಾಲವೂ ಮೇಲ್ಭಾಗದ ನೀರಾವರಿಯ ಬಳಕೆಯೂ ಸೇರಿ ನದಿಯ ಹರಿವು ನಿಂತಿತು. ನಿಂತ ಮಡುಗಳಲ್ಲಿ ಪಾಚಿ ಬೆಳೆಯಿತು. ಹವೆ ಒಮ್ಮೆಲೇ ತಂಪಾದಾಗ ತಳದ ಪ್ರಾಣವಾಯುರಹಿತ ನೀರು ಮೇಲಿನ ನೀರಿನೊಡನೆ ಬೆರೆಯಿತು. 2018ರ ಡಿಸೆಂಬರ್ ಹಾಗೂ 2019ರ ಜನವರಿಯಲ್ಲಿ ಲಕ್ಷಾಂತರ ಮೀನುಗಳು ಸತ್ತು ತೇಲಿದುವು. ಪ್ರವಾಹದ ತರುವಾಯ 2023ರ ಮಾರ್ಚಿಯಲ್ಲಿ ಪ್ರಾಣವಾಯುವಿನ ಕೊರತೆಯಿಂದ ಮತ್ತೆ ದಶಲಕ್ಷಗಳ ಸಂಖ್ಯೆಯಲ್ಲಿ ಮೀನುಗಳು ಸತ್ತುವು. ಈ ನಡುವೆ, ಬಹುಕಾಲ ಈ ಸರೋವರಗಳನ್ನು ಅವಲಂಬಿಸಿದ್ದ ಬ್ರೋಕನ್ ಹಿಲ್ ಪಟ್ಟಣಕ್ಕೆ 2019ರಲ್ಲಿ ಮರ್ರೆ ನದಿಯಿಂದ 270 ಕಿಲೋಮೀಟರು ಉದ್ದದ ಕೊಳವೆಮಾರ್ಗ ಬಂದಿತು. ಪಟ್ಟಣದ ದಾಹ ತೀರಿತು; ನದಿಯ ದಾಹ ಹಾಗೆಯೇ ಉಳಿಯಿತು.

ಇದರಿಂದ ಸ್ಪಷ್ಟವಾಗುವುದಿಷ್ಟು: ಜಲಾಶಯದ ಲೆಕ್ಕವು ತುಂಬಿದ ನೀರಿನಿಂದಲೂ ಬಿಟ್ಟ ನೀರಿನಿಂದಲೂ ಮಾತ್ರ ಪೂರ್ಣವಾಗದು. ಯಾವಾಗ, ಯಾರಿಗಾಗಿ, ಎಷ್ಟನ್ನು ಉಳಿಸಬೇಕೆಂಬ ವಿವೇಕವೂ ಆ ಲೆಕ್ಕದೊಳಗೆ ಸೇರಬೇಕು. ನದಿಯಿಂದ ಪಡೆದುದರಲ್ಲಿ ನದಿಯ ಪಾಲನ್ನು ಮೊದಲೇ ತೆಗೆದಿರಿಸುವುದು ಔದಾರ್ಯವಲ್ಲ, ಕರ್ತವ್ಯ.