ಬಟ್ಟಲು, ಗೆರೆ ಮತ್ತು ಗದುಗಿನ ನಾರಣಪ್ಪ

ಎಂಟನೇ ಕ್ಲಾಸಿನಲ್ಲಿ ನಮಗೆ ಕವಿ ಎಂದರೆ ಎರಡು ಅಂಕ. ಕಾಲ, ಸ್ಥಳ, ಕೃತಿ, ಬಿರುದು ಬಾಯಿಪಾಠವಾದರೆ ಮುಗಿಯಿತು. ಪಂಪ ಹುಟ್ಟಿದ್ದು 902, ರನ್ನನ ಊರು ಮುಧೋಳ. ಅವರೂ ಉಂಡು ಮಲಗಿದ ಮನುಷ್ಯರೆಂದು ಅನಿಸಿದ್ದೇ ಇಲ್ಲ.

ಕುಮಾರವ್ಯಾಸ, ಅಂದರೆ ಗದುಗಿನ ನಾರಣಪ್ಪ, ಮಾತ್ರ ಬೇರೆ. ಕಾರಣ, ಒದ್ದೆ ಪಂಚೆ. ಗದುಗಿನ ವೀರನಾರಾಯಣ ಗುಡಿಯ ಕಂಬದ ಬುಡದಲ್ಲಿ ಒದ್ದೆ ಬಟ್ಟೆಯಲ್ಲೇ ಕೂತು, ಅದು ಒಣಗುವವರೆಗೆ ಮಾತ್ರ ಬರೆಯುತ್ತಿದ್ದನಂತೆ ಎಂದರು ಮೇಷ್ಟ್ರು. ಐತಿಹ್ಯವೇ ಇರಲಿ, ಹಾಗಾದರೆ ಮಳೆಗಾಲದಲ್ಲೇ ಹೆಚ್ಚು ಬರೆದಿರಬೇಕು ಎಂದು ಹಿಂದಿನ ಬೆಂಚಿನಲ್ಲಿ ನಾವು ಲೆಕ್ಕ ಹಾಕಿದೆವು.

ಆಮೇಲೆ ಬಂತು ಅವನ ಪದ್ಯಗಳ ಪ್ರಸ್ತಾರ, ಅಕ್ಷರಕ್ಕೆ ಗುರುತು ಹಾಕಿ ಮಾತ್ರೆ ಎಣಿಸುವ ಕೆಲಸ. ಲಘುವಿಗೆ ಬಟ್ಟಲಿನಂಥ ಗುರುತು, ಒಂದು ಮಾತ್ರೆ. ಗುರುವಿಗೆ ಅಡ್ಡಗೆರೆ, ಎರಡು ಮಾತ್ರೆ. ಅವನು ಬರೆದ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲಿಗೆ 3-4-3-4ರಂತೆ 14 ಮಾತ್ರೆ. 3 ಮತ್ತು 6ನೇ ಸಾಲು ಅದನ್ನೇ ಒಂದೂವರೆ ಪಟ್ಟು ಎಳೆದು, ಕೊನೆಗೊಂದು ಗುರು ಇಡುತ್ತವೆ: 23. ಒಟ್ಟು 102. ನನ್ನದು ಯಾವಾಗಲೂ 101. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆಂಬುದು ಎಲ್ಲೋ ಒಂದು ಕಡೆ ಮರೆತುಹೋಗುತ್ತಿತ್ತು. ಅದಕ್ಕಾಗಿ ಕಿವಿ ಕೆಂಪಾಗಿದ್ದೂ ಉಂಟು.

ಒಂದು ಮಧ್ಯಾಹ್ನ ಮೇಷ್ಟ್ರು ಪುಸ್ತಕ ಮುಚ್ಚಿ, ಮೇಜಿನ ಮೇಲೆ ಬೆರಳು ಬಡಿಯುತ್ತಾ ಗಮಕ ಶುರುಮಾಡಿದರು. ಮೂರು, ನಾಲ್ಕು, ಮೂರು, ನಾಲ್ಕು. ಮೂರನೇ ಸಾಲಿನ ಕೊನೆಯ ಗುರುವಿನ ಮೇಲೆ ದನಿ ನಿಂತಿತು, ಬೆರಳೂ ನಿಂತಿತು. ಪೆನ್ಸಿಲ್ಲಿಗೆ ಸಿಗದ ಆ ಒಂದು ಮಾತ್ರೆ ಕಿವಿಗೆ ಸಿಕ್ಕಿತು.

ಈಗಲೂ ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳು ಹಾಗೇ ಬಡಿಯುತ್ತದೆ. ಪಕ್ಕದವರು ಒಮ್ಮೆ ನೋಡಿ ಸುಮ್ಮನಾಗುತ್ತಾರೆ.